ಕ್ಷಾರವೂ ವರ್ಣವೂ: ಒಂದು ಕೇಶೋಪಚಾರದ ಇತಿಹಾಸ

ಅಮೆರಿಕದಲ್ಲಿ ದಾಸ್ಯವಿಮೋಚನೆಯಾದ ಎರಡು ವರ್ಷಗಳ ತರುವಾಯ, 1867ರಲ್ಲಿ, ಲೂಸಿಯಾನಾ ಪ್ರಾಂತದ ಡೆಲ್ಟಾ ಗ್ರಾಮದಲ್ಲಿ ಜನಿಸಿ, ಅಗಸಗಿತ್ತಿಯಾಗಿ ಜೀವಿಸಿ, ತಲೆಗೂದಲು ಉದುರತೊಡಗಿದಾಗ ಅದರ ಪರಿಹಾರವನ್ನರಸಿ ಹೊರಟ ಸಾರಾ ಬ್ರೀಡ್‌ಲವ್ ಎಂಬಾಕೆ, ಮೇಡಂ ಸಿ. ಜೆ. ವಾಕರ್ ಎಂಬ ಅಭಿಧಾನದಿಂದ ಪ್ರಖ್ಯಾತಳಾಗಿ, 1910ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ತನ್ನ ಕೇಶೋಪಚಾರದ ಉದ್ಯಮವನ್ನು ನೆಲೆಗೊಳಿಸಿದಳು. ಆಕೆಯೂ, ಆಕೆಗಿಂತ ಮೊದಲೇ ಈ ವ್ಯಾಪಾರಕ್ಕಿಳಿದಿದ್ದ ಆನಿ ಮಲೋನಳೂ ಬೋಧಿಸಿದ ವಿಧಾನದಲ್ಲಿ ನೆತ್ತಿಯ ಶುಚಿತ್ವಕ್ಕೂ ಸ್ನಿಗ್ಧಲೇಪನಕ್ಕೂ ಅಗ್ರಸ್ಥಾನವಿದ್ದಿತು.

ಆ ಕಾಲದಲ್ಲಿ ಕಪ್ಪುಜನರ ಸುರುಳಿಗೂದಲನ್ನು ನೇರಗೊಳಿಸುತ್ತಿದ್ದುದು ಕಾಸಿದ ಲೋಹದ ಬಾಚಣಿಗೆ. ತೇವ ತಗುಲಿದೊಡನೆ ಸುರುಳಿ ಮರಳುತ್ತಿದ್ದಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪ್ರಚಾರಕ್ಕೆ ಬಂದ ಕ್ಷಾರಲೇಪಗಳಾದರೋ, ಕೂದಲಿನೊಳಗಣ ಗಂಧಕದ ಬಂಧಗಳನ್ನೇ ಕಡಿದು, ಆ ಸುರುಳಿಯನ್ನು ಶಾಶ್ವತವಾಗಿ ಬಿಡಿಸಿದುವು. ಇತ್ತ ಪ್ಯಾರಿಸಿನಲ್ಲಿ 1907ರಲ್ಲಿ ಯೂಜೆನ್ ಶ್ಯುಲೆರ್ ಎಂಬ ರಸಾಯನಶಾಸ್ತ್ರಜ್ಞನು ಕೃತಕ ಕೇಶವರ್ಣವನ್ನು ಸಿದ್ಧಪಡಿಸಿದ ಮೇಲೆ, ಅಮೋನಿಯಾ ಮತ್ತು ಪೆರಾಕ್ಸೈಡ್‌ಗಳ ನೆರವಿನಿಂದ ಕೂದಲೆಳೆಯ ಹೊರಪದರವನ್ನು ತೆರೆದು ಒಳಹೊಗುವ ಬಣ್ಣಗಳು ಕ್ರಮೇಣ ಮನೆಮನೆಗೂ ಹಬ್ಬಿದುವು. ಕ್ಷಾರದಿಂದ ಮೊದಲೇ ದುರ್ಬಲವಾದ ಎಳೆಯು ಈ ಎರಡನೆಯ ಆಘಾತವನ್ನು ತಾಳಲಾರದೆ ಮುರಿಯುವುದರಿಂದ, ಎರಡೂ ಉಪಚಾರಗಳನ್ನು ಒಂದೇ ದಿನ ಮಾಡದೆ ಕೆಲವು ವಾರಗಳ ಅಂತರವಿಡಬೇಕೆಂಬುದೂ, ಬಣ್ಣವೇರಿದ ಬಳಿಕ ಸೌಮ್ಯವಾದ ಶಾಂಪೂವಿನಿಂದ ತೊಳೆದು, ಕಂಡಿಷನರಿನಿಂದ ತೇವವನ್ನುಳಿಸಿ, ಅತಿಯಾದ ಬಿಸಿಯನ್ನು ವರ್ಜಿಸಬೇಕೆಂಬುದೂ ಕೇಶಕಲಾವಿದರ ವೃತ್ತಿನಿಯಮಗಳಾದುವು.

1960ರ ದಶಕದಲ್ಲಿ ಕಪ್ಪುಜನರ ಸ್ವಾಭಿಮಾನದ ಚಳವಳಿಯೊಡನೆ ಸಹಜಕೇಶವು ಗೌರವದ ಚಿಹ್ನೆಯಾದಾಗ ಕ್ಷಾರವನ್ನು ತ್ಯಜಿಸಿದವರು ಅನೇಕರು. ಆದರೆ ಸುರುಳಿಯ ತಿರುವುಗಳಲ್ಲಿ ನೆತ್ತಿಯ ಜಿಡ್ಡು ತುದಿಯವರೆಗೆ ಸುಲಭವಾಗಿ ಹರಿಯದಿರುವ ಕಾರಣ, ಬಣ್ಣದಿಂದ ಮತ್ತಷ್ಟು ಶುಷ್ಕವಾದ ಸಹಜಕೇಶಕ್ಕೂ ತೈಲೋಪಚಾರದ ಅವಶ್ಯಕತೆ ತಪ್ಪಲಿಲ್ಲ.