ಗಾಯಾಳುವಿನತ್ತ ನಡೆದು ಬಂದ ಕಾನೂನು

ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಲೂಕನ ಶುಭಸಂದೇಶದಲ್ಲಿ ಆ ಕಥೆಗೆ ಕಾರಣವಾದ ಪ್ರಶ್ನೆಯನ್ನು ಎತ್ತಿದವನು ಒಬ್ಬ ಧರ್ಮಶಾಸ್ತ್ರಜ್ಞ, ಅಂದರೆ ಅಂದಿನ ಕಾನೂನು ಪಂಡಿತ, ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ತನ್ನ ನೆರೆಯವನು ಯಾರೆಂದು ಅವನು ಕೇಳಿದ. ತನ್ನ ಕರ್ತವ್ಯದ ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿದುಕೊಳ್ಳುವುದು ಅವನಿಗೆ ಬೇಕಾಗಿತ್ತು. ಉತ್ತರವಾಗಿ ಬಂದ ಕಥೆಯಲ್ಲಿ ಸಮಾರಿಯದವನು ಗಾಯ ಕಟ್ಟಿದಷ್ಟಕ್ಕೆ ಸುಮ್ಮನಾಗಲಿಲ್ಲ. ಛತ್ರದವನ ಕೈಗೆ ಎರಡು ನಾಣ್ಯಗಳನ್ನಿತ್ತು, ಹೆಚ್ಚಿನ ಖರ್ಚನ್ನು ಹಿಂದಿರುಗುವಾಗ ತೀರಿಸುವುದಾಗಿ ಮಾತು ಕೊಟ್ಟ. ತಪ್ಪು ಯಾರದೆಂದು ಅವನು ವಿಚಾರಿಸಲಿಲ್ಲ.

ದಾರಿಯಲ್ಲಿ ಬಿದ್ದವನ ಹೊಣೆ ಯಾರದು ಎಂಬ ಪ್ರಶ್ನೆ ಆಧುನಿಕ ಕಾನೂನನ್ನೂ ಇನ್ನೂರು ವರ್ಷಗಳಿಂದ ಕಾಡಿದೆ. 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ಲೆಕ್ಕ ಹೇಳುತ್ತದೆ. ಆದುದರಿಂದ ಕಾನೂನು ಈ ಪ್ರಶ್ನೆಗೆ ಹೇಗೆ ಉತ್ತರಿಸುತ್ತ ಬಂದಿತೆಂಬುದು ವಕೀಲರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ನಮ್ಮ ಕಾನೂನಿನ ಬೇರುಗಳು ಇಂಗ್ಲೆಂಡಿನಲ್ಲಿವೆ. ಅಲ್ಲಿ ಮಧ್ಯಯುಗದಿಂದಲೂ ‘ಡಿಯೋಡ್ಯಾಂಡ್’ ಎಂಬ ವಿಚಿತ್ರ ಪದ್ಧತಿಯಿತ್ತು. ಲ್ಯಾಟಿನ್ ಮೂಲದ ಈ ಪದಕ್ಕೆ ದೇವರಿಗೆ ಕೊಡತಕ್ಕದ್ದು ಎಂದರ್ಥ. ಗಾಡಿಯ ಚಕ್ರಕ್ಕೆ ಸಿಕ್ಕಿ ಒಬ್ಬನು ಸತ್ತರೆ ಆ ಚಕ್ರ ಅಥವಾ ಅದರ ಬೆಲೆ ಅರಸನ ವಶವಾಗುತ್ತಿತ್ತು. ಅದನ್ನು ಧರ್ಮಕಾರ್ಯಕ್ಕೆ ಬಳಸಬೇಕೆಂಬುದು ಮೂಲ ಉದ್ದೇಶ. ಸತ್ತವನ ಹೆಂಡತಿ ಮಕ್ಕಳಿಗೆ ಅದರಲ್ಲಿ ಹಕ್ಕಿರಲಿಲ್ಲ. 1808ರ ಬೇಕರ್ ಮತ್ತು ಬೋಲ್ಟನ್ ಮೊಕದ್ದಮೆ ಈ ಅನ್ಯಾಯವನ್ನು ಇನ್ನಷ್ಟು ಗಟ್ಟಿಗೊಳಿಸಿತು. ಪ್ರಯಾಣಿಕರ ಕುದುರೆಗಾಡಿಯೊಂದು ಮಗುಚಿ, ಗಾಯಗೊಂಡ ಹೆಂಗಸು ಸುಮಾರು ಒಂದು ತಿಂಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳು ಬದುಕಿದ್ದ ದಿನಗಳ ನಷ್ಟಕ್ಕೆ ಮಾತ್ರ ಗಂಡನಿಗೆ ಪರಿಹಾರವುಂಟು, ಮರಣಕ್ಕಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವಂತಿಲ್ಲ ಎಂದು ಲಾರ್ಡ್ ಎಲೆನ್‌ಬರೋ ತೀರ್ಪಿತ್ತರು. ಇದರ ಫಲವಾಗಿ, ಗಾಯಗೊಳಿಸಿದವನು ಹಣ ತೆರಬೇಕಾಗುತ್ತಿತ್ತು. ಕೊಂದವನು ಕುಟುಂಬಕ್ಕೆ ಏನನ್ನೂ ಕೊಡದೆ ಪಾರಾಗುತ್ತಿದ್ದ.

ರೈಲು ಬಂದ ಮೇಲೆ ಅಪಘಾತಗಳು ಹೆಚ್ಚಿದವು. ರೈಲಿನ ಎಂಜಿನ್ನುಗಳ ಮೇಲೆ ಪಂಚರು ಭಾರಿ ಮೊತ್ತದ ಡಿಯೋಡ್ಯಾಂಡ್ ಹೇರತೊಡಗಿದರು. ಕೊನೆಗೆ 1846ರಲ್ಲಿ ಬ್ರಿಟಿಷ್ ಸಂಸತ್ತು ಆ ಹಳೆಯ ಪದ್ಧತಿಯನ್ನು ರದ್ದುಗೊಳಿಸಿ, ಅದೇ ವರ್ಷ ಮೃತನ ಕುಟುಂಬಕ್ಕೆ ಪರಿಹಾರ ಕೇಳುವ ಹಕ್ಕನ್ನು ನೀಡಿತು. ಅರಸನ ಬೊಕ್ಕಸಕ್ಕೆ ಹೋಗುತ್ತಿದ್ದ ಹಣ ಮೊದಲ ಬಾರಿಗೆ ವಿಧವೆಯ ಮನೆಯತ್ತ ತಿರುಗಿತು.

ಮುಂಬಯಿ ಮತ್ತು ಠಾಣೆಗಳ ನಡುವೆ 1853ರಲ್ಲಿ ರೈಲು ಓಡಿದ ಎರಡೇ ವರ್ಷಗಳಲ್ಲಿ ಇಂಥದೇ ಕಾಯಿದೆ ಭಾರತಕ್ಕೂ ಬಂದಿತು. 1855ರ ಮಾರಕ ಅಪಘಾತಗಳ ಅಧಿನಿಯಮವು ಪತಿ, ಪತ್ನಿ, ತಂದೆತಾಯಿ ಹಾಗೂ ಮಕ್ಕಳಿಗೆ ಪರಿಹಾರದ ಹಕ್ಕನ್ನು ಕೊಟ್ಟಿತು. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಸಿವಿಲ್ ನ್ಯಾಯಾಲಯದಲ್ಲಿ ಶುಲ್ಕ ಕಟ್ಟಿ, ಎದುರಾಳಿಯ ನಿರ್ಲಕ್ಷ್ಯವನ್ನು ರುಜುವಾತುಪಡಿಸಿ, ವರ್ಷಗಟ್ಟಲೆ ಕಾದು ಗೆದ್ದರೂ, ತೆರಬೇಕಾದವನಲ್ಲಿ ಹಣವಿಲ್ಲದಿದ್ದರೆ ತೀರ್ಪಿನಿಂದ ಒಲೆ ಉರಿಯುತ್ತಿರಲಿಲ್ಲ.

ಈ ನಡುವೆ 1932ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯಲ್ಲಿ ಸ್ಮರಣೀಯ ತೀರ್ಪೊಂದು ಹೊರಬಿದ್ದಿತು. ಸ್ಕಾಟ್ಲೆಂಡಿನ ಮಹಿಳೆಯೊಬ್ಬಳು ಕುಡಿದ ಪಾನೀಯದ ಶೀಶೆಯಲ್ಲಿ ಸತ್ತ ಬಸವನಹುಳು ಇತ್ತೆಂಬ ದೂರಿನ ಮೊಕದ್ದಮೆ ಅದು. ನ್ಯಾಯಮೂರ್ತಿ ಲಾರ್ಡ್ ಅಟ್ಕಿನ್ ಶುಭಸಂದೇಶದ ಆ ಕಾನೂನು ಪಂಡಿತನ ಪ್ರಶ್ನೆಯನ್ನೇ ಎತ್ತಿಕೊಂಡರು. ನನ್ನ ಕೃತ್ಯದಿಂದ ಯಾರಿಗೆ ನೇರವಾಗಿ ಹಾನಿ ತಟ್ಟಬಹುದೆಂದು ನಾನು ಮುಂದಾಗಿ ಯೋಚಿಸಬೇಕೋ ಅವರೇ ಕಾನೂನಿನ ದೃಷ್ಟಿಯಲ್ಲಿ ನನ್ನ ನೆರೆಯವರು ಎಂಬುದು ಅವರ ಉತ್ತರದ ಸಾರ. ವಾಹನ ನಡೆಸುವವನಿಗೆ ಪಾದಚಾರಿ ನೆರೆಯವನಾಗುವುದು ಈ ತತ್ತ್ವದಿಂದಲೇ. ಆದರೂ ಈ ಉತ್ತರ ಶುಭಸಂದೇಶದ ಉತ್ತರಕ್ಕಿಂತ ಕಿರಿದು. ಅದು ಗಾಯಗೊಳಿಸಿದವನನ್ನು ಮಾತ್ರ ಬಂಧಿಸಿತು. ನೋಡಿ ಮುಂದೆ ಸಾಗಿದವನನ್ನು ಮುಟ್ಟಲಿಲ್ಲ.

ಭಾರತದ ಮೋಟಾರು ವಾಹನ ಕಾಯಿದೆ 1939ರಲ್ಲಿ ರೂಪುಗೊಂಡಿತು. ಅದರಲ್ಲಿದ್ದ ಕಡ್ಡಾಯ ವಿಮೆಯ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂದಿತು. ಅಂದಿನಿಂದ ವಾಹನದ ಮಾಲೀಕ ಬಡವನಾದರೂ ಗಾಯಾಳುವಿಗೆ ವಿಮಾ ಕಂಪನಿಯಿಂದ ಹಣ ದೊರೆಯುವ ದಾರಿ ತೆರೆಯಿತು. ಸಿವಿಲ್ ನ್ಯಾಯಾಲಯದ ವಿಳಂಬವನ್ನು ತಪ್ಪಿಸಲು 1956ರ ತಿದ್ದುಪಡಿಯು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶ ಕಲ್ಪಿಸಿತು.

ಅಷ್ಟಾದರೂ ಬಡವರ ಪಾಡು ಸುಧಾರಿಸಲಿಲ್ಲ. ಹರಿಯಾಣದಲ್ಲಿ ಸರ್ಕಾರಿ ಬಸ್ಸಿನಿಂದಾಗಿ ಗಂಡನನ್ನು ಕಳೆದುಕೊಂಡ ವಿಧವೆಯೊಬ್ಬಳು ಶುಲ್ಕ ಕಟ್ಟಲಾರದೆ ವಿನಾಯಿತಿ ಬೇಡಿದಳು. ಅದು ಸಿವಿಲ್ ನ್ಯಾಯಾಲಯಕ್ಕೆ ಮಾತ್ರ ಅನ್ವಯವೆಂದು ವಾದಿಸಿ ರಾಜ್ಯ ಸರ್ಕಾರವೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಸರ್ಕಾರದ ವಾದವನ್ನು ತಳ್ಳಿಹಾಕಿ, ನ್ಯಾಯದ ಬಾಗಿಲು ಬಡವರಿಗೂ ತೆರೆದಿರಬೇಕೆಂದು ಸಾರಿದರು.

ಆಗ ಉಳಿದಿದ್ದ ದೊಡ್ಡ ಅಡ್ಡಿ ತಪ್ಪಿನ ರುಜುವಾತು. ಚಾಲಕನ ನಿರ್ಲಕ್ಷ್ಯ ಸಾಬೀತಾಗದೆ ಪರಿಹಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿತ್ತು. ಡಿಕ್ಕಿ ಹೊಡೆದ ವಾಹನ ಪರಾರಿಯಾದರೆ ಸಾಕ್ಷ್ಯವನ್ನು ಎಲ್ಲಿಂದ ತರುವುದು? 1982ರಲ್ಲಿ ಸಂಸತ್ತು ಈ ಗೋಡೆಯನ್ನು ಒಡೆಯಿತು. ತಪ್ಪು ಯಾರದೇ ಇರಲಿ, ಮರಣಕ್ಕೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಲೇಬೇಕೆಂದು ವಿಧಿಸಿತು. ಪತ್ತೆಯಾಗದ ವಾಹನಗಳಿಂದ ನೊಂದವರಿಗೂ ಒಂದು ನಿಧಿ ಏರ್ಪಟ್ಟಿತು. ಮೊತ್ತ ಅಲ್ಪವಾದರೂ ಅದರ ಹಿಂದಿನ ಆಲೋಚನೆ ಅಲ್ಪವಲ್ಲ. ತಪ್ಪು ಯಾರದೆಂದು ಕೇಳುವ ಮೊದಲು ಗಾಯಗೊಂಡವರು ಯಾರೆಂದು ಕಾನೂನು ಕೇಳಿತು.

ಜೀವಕ್ಕೆ ಬೆಲೆ ಕಟ್ಟುವುದೆಂತು ಎಂಬ ಪ್ರಶ್ನೆಯೂ ಹಿಂಬಾಲಿಸಿತು. ಮೃತರ ಆದಾಯವನ್ನು ಅಳೆದು ಪರಿಹಾರ ನಿಗದಿಪಡಿಸುವ ಪದ್ಧತಿಯಲ್ಲಿ ಸಂಬಳವಿಲ್ಲದ ಗೃಹಿಣಿಯ ದುಡಿಮೆ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರೊಂದಿಗೆ ದುಡಿಯದವರ ಸಾಲಿಗೆ ಸೇರಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಕಟುವಾಗಿ ಟೀಕಿಸಿತು. ತಾಯಿಯ ಕೈಕೆಲಸಕ್ಕೂ ಮೌಲ್ಯವಿದೆಯೆಂದು ಒಪ್ಪಲು ಕಾನೂನಿಗೆ ಇಷ್ಟು ಕಾಲ ಬೇಕಾಯಿತು.

ಪರಿಹಾರವೆಲ್ಲ ನಂತರದ ಮಾತು. ಮೊದಲು ಜೀವ ಉಳಿಯಬೇಕು. ಕಾರು ಡಿಕ್ಕಿ ಹೊಡೆದು ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆ ದಾಖಲಿಸಿಕೊಳ್ಳಲಿಲ್ಲ. ಪೊಲೀಸ್ ಪ್ರಕರಣಗಳಿಗೆ ಅಧಿಕೃತವಾದ, ಸುಮಾರು 20 ಕಿಲೋಮೀಟರ್ ದೂರದ ಆಸ್ಪತ್ರೆಗೆ ಒಯ್ಯುವಂತೆ ಹೇಳಿತು. ಆತ ದಾರಿಯಲ್ಲೇ ಅಸುನೀಗಿದ. ಪತ್ರಿಕೆಯಲ್ಲಿ ಬಂದ ಈ ವರದಿಯನ್ನು ಆಧರಿಸಿ ಪರಮಾನಂದ ಕಟಾರ ಎಂಬ ವಕೀಲರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಸರ್ಕಾರಿ ಇರಲಿ ಖಾಸಗಿ ಇರಲಿ, ಜೀವ ಉಳಿಸುವುದು ಪ್ರತಿಯೊಬ್ಬ ವೈದ್ಯನ ಮೊದಲ ಕರ್ತವ್ಯ, ಪೊಲೀಸ್ ವಿಧಿವಿಧಾನಗಳು ಅದಕ್ಕೆ ಅಡ್ಡಬರಬಾರದು ಎಂದು 1989ರಲ್ಲಿ ತೀರ್ಪು ಬಂದಿತು.

ದಾರಿಹೋಕನ ಭಯ ಮಾತ್ರ ಉಳಿದಿತ್ತು. ನೆರವಾದವನನ್ನೇ ಪೊಲೀಸರು ಪ್ರಶ್ನಿಸುವರು, ಆಸ್ಪತ್ರೆ ಹಣ ಕೇಳುವುದು, ನ್ಯಾಯಾಲಯಕ್ಕೆ ಅಲೆಸುವರು ಎಂಬ ಅಂಜಿಕೆ ಎಷ್ಟೋ ಜನರನ್ನು ಆ ಯಾಜಕನಂತೆ, ಲೇವಿಯನಂತೆ ಪಕ್ಕಕ್ಕೆ ಸರಿದು ಹೋಗುವಂತೆ ಮಾಡಿತು. ಸೇವ್‌ಲೈಫ್ ಫೌಂಡೇಶನ್ ಸಂಸ್ಥೆ ನಡೆಸಿದ ನ್ಯಾಯಾಲಯದ ಹೋರಾಟದಿಂದ, ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಸರ್ವೋಚ್ಚ ನ್ಯಾಯಾಲಯ 2016ರ ಮಾರ್ಚ್‌ನಲ್ಲಿ ಕಾನೂನಿನ ಬಲ ನೀಡಿತು. ಅದೇ ವರ್ಷ ಕರ್ನಾಟಕವು ಇಂಥ ನೆರವಿಗರ ರಕ್ಷಣೆಗೆ ಪ್ರತ್ಯೇಕ ಮಸೂದೆಯನ್ನು ರೂಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರ ತಿದ್ದುಪಡಿ ಈ ರಕ್ಷಣೆಯನ್ನು ಮೋಟಾರು ವಾಹನ ಕಾಯಿದೆಯೊಳಗೇ ಸೇರಿಸಿತು. ಈ ಕಾಯಿದೆಗಳ ಇಂಗ್ಲಿಷ್ ಒಕ್ಕಣೆಯಲ್ಲಿ ನೆರವಿಗನಿಗೆ ಸಿಕ್ಕಿರುವ ಹೆಸರು ‘ಗುಡ್ ಸಮಾರಿಟನ್’.

ಈ ಚರಿತ್ರೆಯ ಫಲವಾಗಿ ಇಂದು ನಮಗೆ ಲಭ್ಯವಿರುವುದನ್ನು ತಿಳಿದಿರುವುದು ಒಳಿತು. ಅಪಘಾತವಾದೊಡನೆ 112 ಅಥವಾ 108ಕ್ಕೆ ಕರೆ ಮಾಡಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಚಿಕಿತ್ಸೆಯ ಹಣ ಕಟ್ಟಬೇಕಾಗಿಯೂ ಇಲ್ಲ. ಚಾಲಕನಾದರೋ ಗಾಯಾಳುವಿನ ಚಿಕಿತ್ಸೆಗೆ ವ್ಯವಸ್ಥೆ ಮಾಡಿ, 24 ಗಂಟೆಗಳೊಳಗೆ ಪೊಲೀಸರಿಗೆ ವರದಿ ಮಾಡಬೇಕು. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರ ಯೋಜನೆಯಂತೆ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು, ವಾಹನದ ಸಂಖ್ಯೆ, ಆದಾಯದ ದಾಖಲೆ ಇವುಗಳನ್ನು ಜೋಪಾನವಾಗಿಡಬೇಕು. ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಷ್ಟೇ ಅಲ್ಲ, ನಾವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೂ ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ ಆರು ತಿಂಗಳ ಗಡುವು ವಿಧಿಸಲಾಗಿದೆ. ಈ ಗಡುವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದ್ದರೂ ತಡಮಾಡುವುದು ವಿವೇಕವಲ್ಲ. ತಪ್ಪಿನ ರುಜುವಾತಿಲ್ಲದೆ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಪಡೆಯುವ ದಾರಿಯಿದೆ. ಆದರೆ ಅದನ್ನು ಸ್ವೀಕರಿಸಿದರೆ ಹೆಚ್ಚಿನ ಪರಿಹಾರದ ಅರ್ಜಿ ಬಿದ್ದುಹೋಗಬಹುದಾದ್ದರಿಂದ ಸಹಿ ಹಾಕುವ ಮುನ್ನ ಬಲ್ಲವರನ್ನು ಕೇಳಬೇಕು. ವಾಹನ ಪತ್ತೆಯಾಗದಿದ್ದರೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಗಳ ಪರಿಹಾರವುಂಟು. ವಕೀಲರಿಗೆ ಹಣವಿಲ್ಲದವರು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಸಂಸ್ಥೆಯನ್ನು ಕಾಣಬಹುದು.

ಅರಸನ ಬೊಕ್ಕಸದಿಂದ ವಿಧವೆಯ ಮನೆಯತ್ತ, ತಪ್ಪಿನ ವಿಚಾರಣೆಯಿಂದ ಗಾಯಾಳುವಿನ ಆರೈಕೆಯತ್ತ ಕಾನೂನು ನಿಧಾನವಾಗಿ ನಡೆದು ಬಂದಿದೆ. ಸಮಾರಿಯದವನು ಅಂದೇ ಮಾಡಿದ್ದನ್ನು ಅದು ಕಷ್ಟಪಟ್ಟು ಕಲಿತಿದೆ. ನೆರವಿಗನ ಭಯಕ್ಕಿದ್ದ ಕಾರಣವನ್ನು ಅದು ತೆಗೆದುಹಾಕಿದೆ. ವೆಚ್ಚದ ಒಂದು ಭಾಗವನ್ನು ಹೊತ್ತುಕೊಂಡಿದೆ. ಆದರೆ ವೇಗವಾಗಿ ಸಾಗುತ್ತಿರುವ ವಾಹನವನ್ನು ನಿಲ್ಲಿಸಿ, ಕೆಳಗಿಳಿದು, ಬಿದ್ದವರ ಬಳಿಗೆ ಹೋಗುವ ಮನಸ್ಸನ್ನು ಯಾವ ಅಧಿನಿಯಮವೂ ಒದಗಿಸಲಾರದು. ಆ ಕೆಲಸ ಇನ್ನೂ ನಮ್ಮದಾಗಿಯೇ ಉಳಿದಿದೆ.