ನೊಣಕ್ಕೆ ಹೆದರಿ ಬಳಿದ ನೀಲಿ

ಅಡುಗೆಮನೆಯ ಕಪಾಟಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನಾವು ತಲೆ ಕೆಡಿಸಿಕೊಳ್ಳುತ್ತೇವೆ. 1926ರ ಸುಮಾರಿಗೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಈ ಪ್ರಶ್ನೆಯನ್ನು ತೀರ್ಮಾನಿಸಿದ್ದು ನೊಣ. ನೀಲಿಯ ಮೇಲೆ ನೊಣ ಕೂರುವುದಿಲ್ಲ ಎಂಬ ನಂಬಿಕೆ ಆಗಿತ್ತು. ಹಾಗಾಗಿ ಕಪಾಟುಗಳಿಗೆ ಹಸಿರು ಬೆರೆತ ನೀಲಿ ಬಳಿದರು.

ಮೊದಲ ಮಹಾಯುದ್ಧದ ನಂತರ ಅಲ್ಲಿ ಮನೆಗಳಿಗೆ ತೀರಾ ಅಭಾವ. ನಗರಾಡಳಿತ ಕಟ್ಟಿಸಿದ ವಸತಿಗಳಿಗೆ ಈ ಅಡುಗೆಮನೆಯನ್ನು ರೂಪಿಸಿದವರು ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ. ಅಗಲ ಎರಡು ಮೀಟರೂ ಇಲ್ಲ, ಉದ್ದ ಮೂರೂವರೆಯ ಹತ್ತಿರ. ಹಿಟ್ಟಿಗೆ ಹುಳ ಹಿಡಿಯದಿರಲೆಂದು ಅದರ ಡಬ್ಬಕ್ಕೆ ಓಕ್ ಮರ. ಅಡುಗೆಯವಳ ಕಾಲಿಗೆ ಒಂದು ಹೆಜ್ಜೆಯೂ ದಂಡವಾಗಬಾರದೆಂಬ ಲೆಕ್ಕ. ಇಷ್ಟೆಲ್ಲ ಯೋಚಿಸಿದ ಆಕೆ ಅದಕ್ಕೂ ಮುನ್ನ ಅಡುಗೆ ಮಾಡಿದವರೇ ಅಲ್ಲವಂತೆ! ಹಾಗೆಂದು ಮುಂದೆ ತಾವೇ ಹೇಳಿದ್ದಾರೆ.

ಇಂಥ ಸುಮಾರು 10,000 ಅಡುಗೆಮನೆಗಳಾದವು. ಬಾಡಿಗೆಗೆ ಬಂದವರಿಗೆ ಕಪಾಟು, ಬಣ್ಣ ಎಲ್ಲವೂ ಸಿದ್ಧವಾಗಿಯೇ ಸಿಗುತ್ತಿತ್ತು; ಖರ್ಚು ಬಾಡಿಗೆಯಲ್ಲಿ ಸೇರುತ್ತಿತ್ತು. ಒಬ್ಬಳು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ ಎಂಬ ದೂರು ಬಂತು. ನನಗೆ ಕಾಡುವುದು ಇನ್ನೊಂದು: ದಿನವಿಡೀ ಆ ನೀಲಿಯನ್ನು ನೋಡುತ್ತ ನಿಲ್ಲುವವಳಿಗೆ ಅದು ಇಷ್ಟವಿತ್ತೇ? ಕಾಲಾಂತರದಲ್ಲಿ ಬಹಳಷ್ಟನ್ನು ಕಿತ್ತುಹಾಕಿದರು. ಉಳಿದ ಒಂದು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅಲ್ಲಿ ಯಾರೂ ಅಡುಗೆ ಮಾಡುವುದಿಲ್ಲ.