ಕೊರವಂಗಲದ ಸುತ್ತಲ ಇತಿಹಾಸ: ಘಟನೆಗಳು ಮತ್ತು ಜನನಗಳು

ಹಾಸನ ನಗರದಿಂದ ಸುಮಾರು 10 ಕಿ.ಮೀ. ದೂರದಲ್ಲಿರುವ ಕೊರವಂಗಲ ಚಿಕ್ಕ ಗ್ರಾಮ. ಇಲ್ಲಿನ ಬೂಚೇಶ್ವರ ದೇವಾಲಯದಿಂದಾಗಿ ಹೊಯ್ಸಳರ ಚರಿತ್ರೆಯಲ್ಲಿ ಈ ಊರಿಗೆ ಖಚಿತವಾದ ಒಂದು ಇಸವಿ ದೊರೆತಿದೆ. ಅದು ಕ್ರಿ.ಶ. 1173. ಆ ವರ್ಷ ಇಮ್ಮಡಿ ವೀರಬಲ್ಲಾಳ ಪಟ್ಟವೇರಿದ. ಆ ಸಂಭ್ರಮಕ್ಕೆಂದು ಅವನ ಸಿರಿವಂತ ಅಧಿಕಾರಿ ಬೂಚಿರಾಜ ಈ ಗುಡಿಯನ್ನು ಕಟ್ಟಿಸಿದ. ದೇವರಿಗೆ ಅವನದೇ ಹೆಸರಾಯಿತು. ಆದರೆ ಬೂಚಿರಾಜ ಹುಟ್ಟಿದ್ದು ಯಾವಾಗ ಎಂಬುದು ಚರಿತ್ರೆಗೆ ದಕ್ಕಿಲ್ಲ.

ಈ ಸೀಮೆಯ ಶಾಸನಗಳಲ್ಲಿ ಪಟ್ಟಾಭಿಷೇಕ, ದೇವಪ್ರತಿಷ್ಠೆ, ದಾನ, ಯುದ್ಧ ಮತ್ತು ಮರಣಗಳಿಗೆ ತಿಥಿ, ವಾರ, ಸಂವತ್ಸರಗಳು ದೊರೆಯುತ್ತವೆ. ಜನನದ ಉಲ್ಲೇಖ ಮಾತ್ರ ಅಪರೂಪ. ಆಧುನಿಕ ಕಾಲಕ್ಕೆ ಬಂದಾಗ ಸ್ಥಿತಿ ತಿರುವುಮುರುವಾಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳನ್ನು ನಾಡು ಇಂದು ಗುರುತಿಸುವುದು ಅಲ್ಲಿ ಜನಿಸಿದವರಿಂದ.

ಪ್ರಮುಖ ಘಟನೆಗಳು

ಕ್ರಿ.ಶ. 981: ಗಂಗರ ಮಂತ್ರಿ, ಸೇನಾನಿ ಚಾವುಂಡರಾಯನು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿ ಎತ್ತರದ ಗೊಮ್ಮಟೇಶ್ವರನ ಏಕಶಿಲಾ ವಿಗ್ರಹವನ್ನು ಮಾಡಿಸಿದ ಕಾಲವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

982: ರಾಷ್ಟ್ರಕೂಟ ವಂಶದ ಕೊನೆಯ ಕುಡಿ ನಾಲ್ಕನೆಯ ಇಂದ್ರ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ. ಸಾವಿನ ಕಾಲವನ್ನು ದಾಖಲಿಸಿದ ಇಂತಹ ಶಾಸನಗಳು ಅಲ್ಲಿನ ಬೆಟ್ಟದ ಮೇಲೆ ಹಲವಾರಿವೆ.

1117: ಬೇಲೂರಿನಲ್ಲಿ ವಿಷ್ಣುವರ್ಧನನಿಂದ ಚೆನ್ನಕೇಶವನ ಪ್ರತಿಷ್ಠೆ.

1133: ಶಾಸನದಲ್ಲಿ ಜನನವೊಂದು ಕಾಣಿಸಿಕೊಂಡ ಅಪರೂಪದ ವರ್ಷ. ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಅದರ ಪ್ರಸಾದ ವಿಷ್ಣುವರ್ಧನನಿಗೆ ತಲುಪಿದಾಗ ಅವನು ಯುದ್ಧದಲ್ಲಿ ಗೆದ್ದಿದ್ದ, ಅರಸಿಗೆ ಗಂಡುಮಗುವಾಗಿತ್ತು. ಎರಡೂ ಸಂತೋಷಗಳ ಗುರುತಿಗೆ ದೇವರಿಗೆ ವಿಜಯ ಪಾರ್ಶ್ವ ಎಂದೂ ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟನೆಂದು ಶಾಸನ ತಿಳಿಸುತ್ತದೆ. ಆ ಮಗುವೇ ಮುಂದೆ ಒಂದನೆಯ ನರಸಿಂಹ, ವೀರಬಲ್ಲಾಳನ ತಂದೆ. ಅರಸುಮಗನಾದ್ದರಿಂದ ಅವನ ಹುಟ್ಟು ಕಲ್ಲಿನ ಮೇಲೆ ಉಳಿಯಿತು.

1173: ಕೊರವಂಗಲದ ಬೂಚೇಶ್ವರ ದೇವಾಲಯ. ಬಳಪದ ಕಲ್ಲಿನ ಈ ದ್ವಿಕೂಟ ಗುಡಿಯಲ್ಲಿ ಶಿವಲಿಂಗಕ್ಕೆ ಎದುರಾಗಿ ಸೂರ್ಯನ ಗರ್ಭಗೃಹವಿದೆ. ಭೈರವನಿಗೆ ಪ್ರತ್ಯೇಕ ಗುಡಿ ಉಂಟು. ಊರಿನ ಗೋವಿಂದೇಶ್ವರ, ನಾಕೇಶ್ವರ ಗುಡಿಗಳು ಪಾಳುಬಿದ್ದಿವೆ.

1902: ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳು ಪ್ರಕಟವಾದವು. ಗ್ರಾಮಗಳ ಕಲ್ಲುಗಳಲ್ಲಿದ್ದ ಹೆಸರುಗಳು ವಿದ್ವಾಂಸರ ಕೈಸೇರಿದವು.

1979: ಗೊರೂರಿನ ಬಳಿ ಹೇಮಾವತಿ ಜಲಾಶಯ ಪೂರ್ಣಗೊಂಡಿತು. ಹಲವು ಗ್ರಾಮಗಳು ಮುಳುಗಡೆಯಾದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ಭಾಗಶಃ ನೀರಿನಲ್ಲಿ ನಿಲ್ಲತೊಡಗಿತು.

2023: ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕೊರವಂಗಲ ಈ ಪಟ್ಟಿಯಲ್ಲಿಲ್ಲ.

ಪ್ರಮುಖ ಜನನಗಳು

1904: ಜುಲೈ 4ರಂದು ಗೊರೂರು ರಾಮಸ್ವಾಮಿ ಅಯ್ಯಂಗಾರ್, ಹೇಮಾವತಿ ದಂಡೆಯ ಗೊರೂರಿನಲ್ಲಿ. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ಅವರು ಹಳ್ಳಿಯ ಬದುಕನ್ನು ನಗೆಯೊಂದಿಗೆ ಚಿತ್ರಿಸಿದರು. ‘ಅಮೇರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು.

1908: ನವೆಂಬರ್‌ನಲ್ಲಿ ರಾಜಾರಾವ್, ಹಾಸನದಲ್ಲಿ. ‘ಕಾಂತಾಪುರ’ (1938) ಇಂಗ್ಲಿಷ್ ಕಾದಂಬರಿಯಲ್ಲಿ ಕನ್ನಡ ನಾಡಿನ ಒಂದು ಹಳ್ಳಿಗೆ ಗಾಂಧೀಜಿಯ ಚಳವಳಿ ಬಂದ ಬಗೆಯನ್ನು ಕಥಿಸಿದರು. 2006ರಲ್ಲಿ ಅಮೆರಿಕದಲ್ಲಿ ನಿಧನರಾದರು.

1920: ಜನವರಿ 14ರಂದು ಆರ್.ಕೆ. ಶ್ರೀಕಂಠನ್, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ. ಕಾವೇರಿ ತೀರದ ಈ ಊರು ಸಂಗೀತಗಾರರ ತವರು. ಶ್ರೀಕಂಠನ್ ಅವರಿಗೆ 2011ರಲ್ಲಿ ಪದ್ಮಭೂಷಣ ಸಂದಿತು.

1931: ಎಸ್.ಎಲ್. ಭೈರಪ್ಪ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಕನ್ನಡದ ಅತ್ಯಂತ ಜನಪ್ರಿಯ ಕಾದಂಬರಿಕಾರರಲ್ಲಿ ಒಬ್ಬರಾದ ಅವರ ಜನನ ವರ್ಷ ಕೆಲವೆಡೆ 1934 ಎಂದೂ ಮುದ್ರಿತವಾಗಿದೆ. 2025ರ ಸೆಪ್ಟೆಂಬರ್ 24ರಂದು ನಿಧನರಾದರು.

1933: ಮೇ 18ರಂದು ಎಚ್.ಡಿ. ದೇವೇಗೌಡ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ. 1996ರ ಜೂನ್ 1ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಆ ಹುದ್ದೆಗೇರಿದ ಮೊದಲ ಕನ್ನಡಿಗರು ಅವರು.

1948: ಬಾನು ಮುಷ್ತಾಕ್, ಹಾಸನದಲ್ಲಿ. ವಕೀಲೆ, ಕಥೆಗಾರ್ತಿ. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಅವರ ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು.

ದಾಖಲೆಯ ದಾರಿ

ದೇಶದಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಮೇಲೆ ಹೆಸರಿಸಿದ ಆಧುನಿಕರೆಲ್ಲರೂ ಅದಕ್ಕೂ ಮುಂಚೆ ಹುಟ್ಟಿದವರು. ನಮ್ಮ ಕಾಲದ ಪ್ರಸಿದ್ಧ ಲೇಖಕರೊಬ್ಬರ ಜನನ ವರ್ಷವೇ ಎರಡು ಬಗೆಯಾಗಿ ಮುದ್ರಿತವಾಗಿರುವಾಗ 850 ವರ್ಷಗಳ ಹಿಂದಿನ ಅಧಿಕಾರಿಯೊಬ್ಬನ ಹುಟ್ಟಿದ ದಿನ ಸಿಗದಿರುವುದು ಅಚ್ಚರಿಯಲ್ಲ. ಗುಡಿ ಕಟ್ಟಿದ ಶಿಲ್ಪಿ, ಕಲ್ಲು ಹೊತ್ತ ಆಳು, ದಾನದ ಹೊಲವನ್ನು ಉತ್ತ ಒಕ್ಕಲು ಮೊದಲಾದವರ ಪೈಕಿ ಬಹುತೇಕರ ಹೆಸರೂ ಉಳಿಯಲಿಲ್ಲ.

ಆದ್ದರಿಂದ ಇಂತಹ ಕಾಲಸೂಚಿಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಅವು ಒಂದು ನೆಲದಲ್ಲಿ ನಡೆದುದೆಲ್ಲದರ ಪಟ್ಟಿಯಲ್ಲ; ಬರೆದಿಡುವಷ್ಟು ಮುಖ್ಯವೆಂದು ಆಯಾ ಕಾಲ ಬಗೆದುದರ ಪಟ್ಟಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಬೂಚೇಶ್ವರ ದೇವಾಲಯವನ್ನು ನೋಡಲು ಹಾಸನದಿಂದ ಅರ್ಧ ದಿನ ಸಾಕು. ಅರಸನ ಪಟ್ಟಾಭಿಷೇಕದ ನೆನಪಿಗಾಗಿ ಎದ್ದ ಆ ಗುಡಿ ಇಂದು ಹೆಚ್ಚಾಗಿ ನೆನಪಿಸುವುದು ಅದನ್ನು ಕಟ್ಟಿಸಿದವನ ಹೆಸರನ್ನೇ.